ಮಗುವಿನ ಗುರುತಿಲ್ಲದ ಕೋಣೆ

ಮೇಣ ಕೆರೆಯಲು ಚಾಕು ಬಳಸಬಾರದು. ಚಾಕು ಕಲ್ಲಿಗೆ ಗೀರು ಹಾಕುತ್ತದೆ. ಹಳೆಯ ಸ್ಟೀಲ್ ಚಮಚದ ಅಂಚನ್ನು ಮಟ್ಟಸವಾಗಿ ಒತ್ತಿ ಭುಜದ ಬಲದಿಂದ ದಬ್ಬಬೇಕು. ಗಟ್ಟಿ ಪದರ ಎದ್ದ ಮೇಲೆ ಉಳಿದ ಜಿಡ್ಡಿನ ಮೇಲೆ ರದ್ದಿ ಕಾಗದ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಇಡಬೇಕು. ಕಾಗದ ಮೇಣ ಕುಡಿಯುತ್ತದೆ. ಆಮೇಲೆ ಫಿನಾಯಿಲು, ಆಮೇಲೆ ಒಣ ಬಟ್ಟೆ. ಇಷ್ಟಾದರೆ ಅಲ್ಲಿ ಯಾರೋ ಮೊಣಕಾಲೂರಿ ಅತ್ತಿದ್ದರು ಅನ್ನುವ ಸುಳಿವೂ ಇರುವುದಿಲ್ಲ.

ಇಪ್ಪತ್ತೊಂದು ವರ್ಷದಿಂದ ಅವಳ ಕೆಲಸ ಇದೇ. ಚರ್ಚಿಗೆ ಜನ ಬಂದುಹೋದ ಗುರುತು ಅಳಿಸುವುದು. ಮೇಣ, ಚಪ್ಪಲಿಯ ಕೆಸರು, ಬೆಂಚಿನಡಿ ಅಂಟಿಸಿದ ಚೂಯಿಂಗ್ ಗಮ್ಮು, ಮದುವೆಯ ಹೂವು, ಸಾವಿನ ಹೂವು, ಕೂಸುಗಳ ವಾಂತಿ. ಅವಳ ಮೊಣಕಾಲಿನ ಚರ್ಮ ದಪ್ಪಗಾಗಿ ಕಪ್ಪಿಟ್ಟಿತ್ತು. ಆಸಿಡ್ಡು ತಿಂದು ಬೆರಳ ತುದಿಗಳು ನುಣ್ಣಗಾಗಿದ್ದವು. ಚರ್ಚಿನ ಮಕ್ಕಳು ಮೇಣದಕ್ಕ ಎಂದು ಕರೆದರು. ಬರಬರುತ್ತ ದೊಡ್ಡವರಿಗೂ ಅವಳ ಬೇರೆ ಹೆಸರು ಮರೆತುಹೋಯಿತು. ವಯಸ್ಸು ನಲವತ್ತಮೂರು. ಮದುವೆಯಾಗಿರಲಿಲ್ಲ. ಗಂಟೆಗೋಪುರದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮುರಿದ ಬೆಂಚು, ಫಿನಾಯಿಲ್ ಡಬ್ಬಗಳ ಜೊತೆ ಅವಳನ್ನೂ ಇಟ್ಟಿದ್ದರು.

ಕಡ್ಡಿ ಅನ್ನುವ ಹುಡುಗಿ ಅವಳ ಪಾಲಿಗೆ ಬಂದದ್ದು ಒಂದು ಹೆಣ ಹೂತ ದಿನ. ಚರ್ಚಿನ ಹಿಂದಿನ ಮೆಟ್ಟಿಲ ಮೇಲೆ ಒಬ್ಬ ಚಿಂದಿ ಆಯುವವಳು ಮಗಳ ಜೊತೆ ಮಲಗುತ್ತಿದ್ದಳು. ಕೆಮ್ಮಿ ಕೆಮ್ಮಿ ಸರ್ಕಾರಿ ಆಸ್ಪತ್ರೆಯಲ್ಲಿ ಸತ್ತಳು. ಪಕ್ಕದ ಶೆಡ್ಡಿನಲ್ಲಿ ಶವದ ಪೆಟ್ಟಿಗೆ ಮಾಡುವವನು ಹಣ್ಣಿನ ಪೆಟ್ಟಿಗೆಗಳನ್ನು ಒಡೆದು, ಹಲಗೆ ಜೋಡಿಸಿ ಒಂದು ಮಾಡಿಕೊಟ್ಟ. ಫಾದರ್ ಹೂಳಿಸಿದರು. ಬಂದಿದ್ದ ನಾಲ್ಕು ಜನ ಕೈ ಕೊಡವಿಕೊಂಡು ಹೋದರು. ಏಳು ವರ್ಷದ ಹುಡುಗಿ ಮಾತ್ರ ಹಸಿ ಮಣ್ಣಿನ ಮೇಲೆ ಕುಳಿತೇ ಇದ್ದಳು. ಬೆಂಕಿಕಡ್ಡಿಯಂಥ ಮೈ, ಮೇಲೊಂದು ತಲೆ.

“ಎರಡು ದಿನ ನಿನ್ನ ಹತ್ರ ಇರ್ಲಿ. ಮಕ್ಕಳ ಇಲಾಖೆಗೆ ಬರೆದಿದ್ದೀನಿ,” ಎಂದರು ಫಾದರ್.

“ಎರಡು ಅಂದ್ರೆ ಎರಡೇ ದಿನ ಫಾದರ್. ನಂಗೂ ಮಕ್ಕಳಿಗೂ ಆಗಿಬರಲ್ಲ. ಮೊಂಬತ್ತಿ ಥರ ಅವು. ಎಲ್ಲಿಟ್ರೂ ಸುರಿಸ್ತಾವೆ.”

ಎರಡು ದಿನ ಎಂಟು ತಿಂಗಳಾಯಿತು. ಇಲಾಖೆಯವರು ಬರಲಿಲ್ಲ. ಕಡ್ಡಿ ಮೊದಮೊದಲು ಹಾಸಿಗೆ ಒದ್ದೆ ಮಾಡಿದಳು. ಬ್ರೆಡ್ಡಿನ ಚೂರುಗಳನ್ನು ದಿಂಬಿನೊಳಗೆ ಬಚ್ಚಿಟ್ಟು ಇರುವೆ ಹತ್ತಿಸಿದಳು. ಮೇಣದಕ್ಕ ಬೈದಳು. ಎರಡು ಸಲ ಹೊಡೆದಳು. ಎರಡನೆಯ ಸಲ ಹೊಡೆದ ಮೇಲೆ ತನ್ನ ಕೈಯನ್ನೇ ನೋಡಿಕೊಂಡು ಕುಳಿತಳು. ಆಮೇಲೆ ಹೊಡೆಯಲಿಲ್ಲ. ಸರ್ಕಾರಿ ಶಾಲೆಗೆ ಸೇರಿಸಿದಳು. ಹೊಟ್ಟೆ ತುಂಬುತ್ತ ಬಂದ ಹಾಗೆ ಕಡ್ಡಿಯ ಬಾಯಿಯೂ ಬಿಚ್ಚಿತು. ಒಂದು ನಿಮಿಷ ಮುಚ್ಚುತ್ತಿರಲಿಲ್ಲ.

“ಅಕ್ಕ, ದೇವರ ಕಾಲು ಯಾಕೆ ಯಾವಾಗ್ಲೂ ತಣ್ಣಗಿರುತ್ತೆ?”

“ಕಲ್ಲು ಕಣೇ ಅದು.”

“ಮತ್ತೆ ಆಂಟಿಯರೆಲ್ಲ ಯಾಕೆ ಮುತ್ತು ಕೊಡ್ತಾರೆ?”

“ಅವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ. ಆ ಬಕೆಟ್ಟು ಈಚೆ ತಳ್ಳು. ಬೇಡ, ಬೇಡ, ನೀನು ಮುಟ್ಬೇಡ. ಹೋಗಿ ಓದ್ಕೋ.”

ಬಕೆಟ್ಟನ್ನು ಅವಳು ಕಡ್ಡಿಯ ಕೈಗೆ ಒಂದು ದಿನವೂ ಕೊಡಲಿಲ್ಲ.

ಒಂಬತ್ತನೆಯ ತಿಂಗಳು ಇಲಾಖೆಯ ಮೇಡಂ ಬಂದರು. ಚಿಕ್ಕ ವಯಸ್ಸು, ಕಂಕುಳಲ್ಲಿ ಫೈಲು, ಮುಖದ ತುಂಬ ಬೆವರು. “ಆರ್ಡರ್ ಇಲ್ದೆ ಮಗುನ ಯಾರೂ ಇಟ್ಕೊಳ್ಳೋ ಹಾಗಿಲ್ಲ ಫಾದರ್. ನಮ್ಮ ಬಾಲಮಂದಿರದಲ್ಲಿ ಜಾಗ ಇಲ್ಲ. ಈಗ ಸಾಕೋ ಮನೆ ಅಂತ ಮಾಡಿದ್ದಾರೆ. ದತ್ತು ಅಲ್ಲ. ದೊಡ್ಡೋಳಾಗೋವರೆಗೆ ಸಾಕೋದು ಅಷ್ಟೇ. ಯಾವುದಾದ್ರೂ ಒಳ್ಳೆ ಕುಟುಂಬ ಇದ್ರೆ ಅರ್ಜಿ ಹಾಕಿಸಿ.”

ಆ ಭಾನುವಾರ ಫಾದರ್ ಪ್ರಸಂಗದಲ್ಲಿ ಅದನ್ನೇ ಹೇಳಿದರು. ಪೂಜೆ ಮುಗಿದ ಮೇಲೆ ಚರ್ಚ್ ಕಮಿಟಿಯ ಕಾರ್ಯದರ್ಶಿಯ ಹೆಂಡತಿ ಹಿತ್ತಲಿಗೆ ಬಂದಳು. ಕಡ್ಡಿ ಅಲ್ಲಿ ಕಲ್ಲಿನ ಮೇಲೆ ಕುಳಿತು ಮಗ್ಗಿ ಬರೆಯುತ್ತಿದ್ದಳು. ಆಕೆ ಹುಡುಗಿಯ ಕೈ ಹಿಡಿದಳು. ಅಂಗೈ ತಿರುಗಿಸಿದಳು. ಮಣಿಕಟ್ಟು ಒತ್ತಿದಳು. ಕೂದಲು ಬಿಡಿಸಿ ಹೇನು ನೋಡಿದಳು.

“ಕೈ ಚಿಕ್ಕದು. ಆದ್ರೆ ಗಟ್ಟಿ ಇದೆ. ಬೇಗ ಕಲೀತಾಳೆ,” ಅಂದಳು. “ನಮ್ಗೂ ಇರೋರೆಲ್ಲ ಗಂಡುಮಕ್ಕಳೇ. ಮನೇಲಿ ಒಂದು ಹೆಣ್ಣುಮಗು ಓಡಾಡ್ಕೊಂಡಿರುತ್ತೆ. ಮಗಳ ಹಾಗೆ ನೋಡ್ಕೊಂಡ್ರಾಯ್ತು.”

ಪಕ್ಕದಲ್ಲೇ ಕಿಟಕಿ ಒರೆಸುತ್ತಿದ್ದ ಮೇಣದಕ್ಕನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು.

ಒಂಬತ್ತು ವರ್ಷದವಳಿದ್ದಾಗ ಅವಳ ಅಂಗೈಯನ್ನೂ ಒಬ್ಬಾಕೆ ಹೀಗೇ ತಿರುಗಿಸಿ ನೋಡಿದ್ದಳು. ಅನಾಥಾಲಯದ ವರಾಂಡದಲ್ಲಿ. ಮಗಳ ಹಾಗೆ ಅಂದಿದ್ದಳು. ಆ ಮನೆಯ ಅಡುಗೆಕೋಣೆಯ ನೆಲದಲ್ಲಿ ಅವಳು ಹದಿಮೂರು ವರ್ಷ ಮಲಗಿದಳು. ಅವರು ಹೊಡೆಯಲಿಲ್ಲ. ಉಳಿದ ಊಟ ಕೊಟ್ಟರು. ಹಳೆ ಬಟ್ಟೆ ಕೊಟ್ಟರು. ಮನೆಗೆ ಬಂದವರಿಗೆಲ್ಲ ಇವಳು ನಮ್ಮ ಮಗಳ ಹಾಗೆ ಎಂದು ಹೇಳಿ, ಚಹಾ ತರಲು ಒಳಗೆ ಕಳಿಸಿದರು. ಮನೆಯಾಕೆ ಸತ್ತ ಮೇಲೆ ಆಕೆಯ ಮಗ ಇವಳನ್ನು ತಗಡಿನ ಟ್ರಂಕಿನ ಸಮೇತ ಈ ಚರ್ಚಿಗೆ ತಂದು ಬಿಟ್ಟ. ನಂಬಿಕಸ್ತೆ, ಎಷ್ಟು ಕೆಲಸ ಹೇಳಿದರೂ ಮಾಡುತ್ತಾಳೆ ಅಂದ.

“ಅವಳ್ನ ನಾನು ಸಾಕ್ತೀನಿ,” ಅಂದಳು ಮೇಣದಕ್ಕ.

ಬಾಯಿಂದ ಹೊರಗೆ ಬಿದ್ದ ಮೇಲೆಯೇ ಅವಳಿಗೂ ಗೊತ್ತಾದದ್ದು.

ಕಾರ್ಯದರ್ಶಿಯ ಹೆಂಡತಿ ನಕ್ಕಳು. “ನಿನ್ನನ್ನೇ ಚರ್ಚು ಸಾಕ್ತಿದೆಯಲ್ಲೇ. ನೀನು ಯಾರನ್ನ ಸಾಕ್ತೀಯೇ?”

ಅರ್ಜಿ ತುಂಬಿಸಿಕೊಟ್ಟವನು ಶವದ ಪೆಟ್ಟಿಗೆ ಮಾಡುವವನು. ಪೆಟ್ಟಿಗೆಯಣ್ಣ ಎಂದೇ ಎಲ್ಲರೂ ಕರೆಯುವುದು. ಒಂದು ಅರ್ಧ ಮುಗಿದ ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದ ಹರಡಿಕೊಂಡ. ಕಿವಿಯ ಸಂದಿಯಿಂದ ಬಡಗಿ ಪೆನ್ಸಿಲ್ ತೆಗೆದು, ಆಮೇಲೆ ಅದು ಆಗದೆಂದು ಪೆನ್ನು ಹುಡುಕಿದ.

“ಹೆಸರು ಬರ್ದೆ. ವಯಸ್ಸು ಬರ್ದೆ. ಗಂಡನ ಹೆಸರು?”

“ಗೆರೆ ಎಳಿ.”

“ಎಳ್ದೆ. ಪುಣ್ಯವಂತ ಅವನು, ತಪ್ಪಿಸ್ಕೊಂಡ.”

“ಬಾಯಿ ಮುಚ್ಕೊಂಡು ಬರಿ ಅಣ್ಣ.”

“ಸಾಕಲು ಕಾರಣ ಅಂತ ಕೇಳಿದ್ದಾರೆ. ನಾಲ್ಕು ಸಾಲು ಜಾಗ ಬಿಟ್ಟಿದ್ದಾರೆ. ಪ್ರೀತಿ ಅಂತ ಬರೀಲಾ?”

ಮೇಣದಕ್ಕ ಯೋಚಿಸಿದಳು. “ಓದ್ಲಿ ಅಂತ ಬರಿ. ಅವಳ ಕೈಗೆ ಯಾರೂ ಬಕೆಟ್ಟು ಕೊಡಬಾರದು ಅಂತ ಬರಿ.”

“ಅಷ್ಟೇನಾ? ಇನ್ನೂ ಮೂರು ಸಾಲು ಖಾಲಿ ಇದೆ.”

“ಇರ್ಲಿ.”

ಪೆಟ್ಟಿಗೆಯಣ್ಣ ಪೆನ್ನು ಕೆಳಗಿಟ್ಟ. “ಹೆದರಿಕೆ ಆಗಲ್ವೇನಮ್ಮಾ? ಒಬ್ಳೇ.”

“ಆಗುತ್ತೆ. ತಾಯಿ ಅಂದ್ರೆ ಹೇಗಿರ್ಬೇಕು ಅಂತ ನಂಗೆ ಯಾರೂ ತೋರ್ಸಿಲ್ಲ. ಏನು ಮಾಡ್ಬಾರ್ದು ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.”

ಇಲಾಖೆಯ ಕಚೇರಿಯಲ್ಲಿ ಬೆರಳಚ್ಚಿನ ಯಂತ್ರ ಅವಳ ಹೆಬ್ಬೆರಳನ್ನು ಹಿಡಿಯಲಿಲ್ಲ. ತೋರುಬೆರಳನ್ನೂ ಹಿಡಿಯಲಿಲ್ಲ. ಗುಮಾಸ್ತ ಅವಳ ಕೈಯನ್ನು ಒರೆಸಿದ, ಒತ್ತಿದ, ಮತ್ತೆ ಒತ್ತಿದ. “ಏನಮ್ಮಾ, ನಿನ್ನ ಬೆರಳೆಲ್ಲ ಬೋಳು!” ಅಂದ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಕೊನೆಗೆ ಎಡಗೈಯ ಕಿರುಬೆರಳು ಸಿಕ್ಕಿತು. ಮೇಡಂ ಅರ್ಜಿ ತಿರುವಿ ನೋಡಿದರು. “ಒಂಟಿ ಹೆಂಗಸು ಹೆಣ್ಣುಮಗುನ ಸಾಕಬಹುದು. ರೂಲಿದೆ. ಉದ್ಯೋಗದ ಪತ್ರ ತಗೊಂಡು ಬನ್ನಿ. ಆಮೇಲೆ ಮನೆ ನೋಡೋಕೆ ಬರ್ತೀನಿ.”

ರೂಲಿದೆ ಅನ್ನುವ ಒಂದು ಮಾತು ಸಾಕಾಯಿತು. ಬಸ್ಸಿಗೆ ಕಾಯದೆ ಮೇಣದಕ್ಕ ನಡೆದೇ ಬಂದಳು.

ಕಮಿಟಿಯ ಕೋಣೆಯಲ್ಲಿ ಗಾಜಿನ ಮೇಜು. ಬೆಳಿಗ್ಗೆ ಅವಳೇ ಒರೆಸಿದ್ದ ಮೇಜು. ಸುತ್ತ ಐದು ಗಂಡಸರು, ಫಾದರ್, ಎರಡು ಖಾಲಿ ಕುರ್ಚಿ. ಅವಳು ನಿಂತೇ ಇದ್ದಳು.

ಕಾರ್ಯದರ್ಶಿ ಮೆತ್ತಗೆ ಮಾತಾಡುವ ಮನುಷ್ಯ. “ಉದ್ಯೋಗ ಅಂತ ಹೇಗೆ ಬರ್ದುಕೊಡೋದಮ್ಮ? ನಿಂದು ಉದ್ಯೋಗ ಅಲ್ಲ. ಸೇವೆ.”

“ಐದಕ್ಕೆ ಏಳ್ತೀನಿ. ನೆಲ ಒರಸ್ತೀನಿ. ನೀವು ಹೋಗಿ ಬಂದ ಕಕ್ಕಸು ತೊಳೀತೀನಿ. ಅದು ಕೆಲಸ ಅಲ್ವಾ?”

“ದೇವರ ಮನೆ ಕೆಲಸಕ್ಕೆ ಬೆಲೆ ಕಟ್ಟೋಕಾಗುತ್ತಾ?”

ಬೆಲೆ ಕಟ್ಟಿದರೆ ನಾಳೆ ಹಕ್ಕು ಕೇಳುತ್ತಾಳೆ. ಕೋಣೆ ತನ್ನದು ಅನ್ನುತ್ತಾಳೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾರ್ಯದರ್ಶಿ ಕಪಾಟಿನಿಂದ ಚರ್ಚಿನ ವಾರ್ಷಿಕ ಪುಸ್ತಿಕೆ ತೆಗೆದು, ಕೊನೆಯ ಪುಟ ಮಡಿಸಿ ಅವಳ ಮುಂದೆ ಹಿಡಿದ. ‘ನಮ್ಮ ಆಶ್ರಯದಲ್ಲಿರುವ ನಿರ್ಗತಿಕರು’ ಎಂದು ದಪ್ಪ ಅಕ್ಷರ. ಕೆಳಗೆ ಒಬ್ಬ ಕುರುಡ ಮುದುಕ, ಇಬ್ಬರು ವಿಧವೆಯರು. ನಾಲ್ಕನೆಯದು ಅವಳ ಹೆಸರು. ಅಮ್ಮನೋ ಯಾರೋ ಇಟ್ಟ, ಎಲ್ಲರೂ ಮರೆತ ಹೆಸರು.

ಪ್ರತಿ ವರ್ಷ ಆ ಪುಸ್ತಿಕೆಯ ಕಟ್ಟುಗಳನ್ನು ಹೊತ್ತು ತಂದು ಬೆಂಚುಗಳ ಮೇಲೆ ಒಂದೊಂದೇ ಇಡುತ್ತಿದ್ದವಳು ಅವಳು. ಕೊನೆಯ ಪುಟ ತೆರೆದು ನೋಡಿರಲಿಲ್ಲ.

“ನಾನು ಭಿಕ್ಷೆ ತಿಂತಿದ್ನಾ ಇಷ್ಟು ವರ್ಷ?” ಎಂದು ಕೇಳಿದಳು. ಕೋಪದಿಂದಲ್ಲ. ತಿಳಿದುಕೊಳ್ಳಲು.

“ಹಾಗಲ್ಲಮ್ಮ...” ಅಂದರು ಫಾದರ್.

ಇನ್ನೊಬ್ಬ ಕಮಿಟಿಯವನು ಬಾಯಿ ಹಾಕಿದ. “ಅದು ಬಿಡಿ. ಗಂಡಿಲ್ಲದ ಹೆಂಗಸು ಮಗು ಇಟ್ಕೊಂಡ್ರೆ ನೋಡಿದೋರು ಏನಂತಾರೆ? ಅವಳದ್ದೇ ಇರ್ಬೇಕು ಅಂತಾರೆ. ಚರ್ಚಿನ ಮರ್ಯಾದೆ ಏನಾಗುತ್ತೆ?”

“ರೂಲು ಒಪ್ಪುತ್ತಂತೆ,” ಎಂದು ಫಾದರ್ ಗೊಣಗಿದರು.

“ರೂಲು ಒಪ್ಪುತ್ತೆ ಫಾದರ್. ಊರು ಒಪ್ಪಲ್ಲ.”

ಮೇಣದಕ್ಕ ಫಾದರ್ ಕಡೆಗೆ ತಿರುಗಿದಳು. “ನೀವೂ ಮದುವೆ ಆಗಿಲ್ವಲ್ಲ ಫಾದರ್. ನಿಮ್ಮನ್ನ ಊರೆಲ್ಲ ಫಾದರ್ ಅಂತಾನೇ ಕರೆಯುತ್ತೆ.”

ಯಾರಿಗೋ ನಗು ಬಂತು. ಕೆಮ್ಮಾಗಿ ಹೋಯಿತು. ಫಾದರ್ ತಮ್ಮ ಉಗುರು ನೋಡಿಕೊಂಡರು. ಉದ್ಯೋಗದ ಪತ್ರ ಸಿಗಲಿಲ್ಲ. ಸಂಜೆ ಫಾದರ್ ತಾವೇ ಒಂದು ಕಾಗದ ಬರೆದು ಕಳಿಸಿದರು. ಅದರಲ್ಲಿ ‘ಸಭ್ಯಳು, ವಿಧೇಯಳು’ ಎಂದಿತ್ತು.

ಮೇಡಂ ಆ ಕಾಗದವನ್ನೇ ಇಟ್ಟುಕೊಂಡರು. ಒಳ್ಳೆಯ ಹುಡುಗಿಯೇ ಆಕೆ. “ಮನೆ ನೋಡೋದು ಮುಖ್ಯ. ಅದು ಚೆನ್ನಾಗಿದ್ರೆ ಮೇಲಿನವರಿಗೆ ನಾನು ಹೇಳ್ತೀನಿ. ಗುರುವಾರ ಹನ್ನೊಂದಕ್ಕೆ ಬರ್ತೀನಿ,” ಅಂದರು.

ಬುಧವಾರ ಮೇಣದಕ್ಕ ಕೆಲಸಕ್ಕಿಳಿದಳು.

ಆ ಕೋಣೆಯ ತುಂಬ ಒಂಬತ್ತು ತಿಂಗಳಿಂದ ಕಡ್ಡಿ ಇದ್ದಳು. ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ ಬಸ್ಸು, ಬಸ್ಸಿಗಿಂತ ದೊಡ್ಡ ಬೆಕ್ಕು. ಬಾಗಿಲ ಚೌಕಟ್ಟಿನಲ್ಲಿ ಎತ್ತರ ಗುರುತು ಹಾಕಿದ ಆರು ಗೆರೆ. ಮಂಚದ ಕೆಳಗೆ ಮೊಂಬತ್ತಿ ಡಬ್ಬಿಗಳನ್ನು ಜೋಡಿಸಿ ಕಟ್ಟಿದ ಮನೆ. ಮನೆಯೊಳಗೆ ಉರಿದುಳಿದ ಮೊಂಬತ್ತಿ ತುಂಡುಗಳ ಸಂಸಾರ. ದಪ್ಪದು ಅಕ್ಕ. ಸಣ್ಣದು ಕಡ್ಡಿ. ಬೆಂಕಿಪೊಟ್ಟಣದೊಳಗೆ ಮಲಗಿಸಿದ್ದು ಅಮ್ಮ.

ಮೇಣದಕ್ಕ ಮೊಂಬತ್ತಿ ತುಂಡುಗಳನ್ನೆಲ್ಲ ಕರಗಿಸುವ ಡಬ್ಬಕ್ಕೆ ಹಾಕಿದಳು.

“ಅದು ಅಮ್ಮ!” ಕಡ್ಡಿ ಕಿರುಚಿದಳು.

“ಮೇಡಂ ಹೋದ್ಮೇಲೆ ಬೇರೆ ಮಾಡ್ಕೊಡ್ತೀನಿ ಸುಮ್ನಿರೇ. ಕಸ ನೋಡಿದ್ರೆ ನಿನ್ನ ಕರ್ಕೊಂಡು ಹೋಗ್ತಾರೆ.”

ಹುಡುಗಿ ಬಾಯಿ ಮುಚ್ಚಿಕೊಂಡಳು. ಮೇಣದಕ್ಕ ಡಬ್ಬಿಗಳನ್ನು ಚಪ್ಪಟೆ ಮಾಡಿ ರದ್ದಿಗೆ ಹಾಕಿದಳು. ಗೋಡೆ ಕೆರೆದು ಸುಣ್ಣ ಬಳಿದಳು. ಚೌಕಟ್ಟಿನ ಗೆರೆಗಳನ್ನು ಮರಳು ಕಾಗದದಿಂದ ಉಜ್ಜಿದಳು. ಬಟ್ಟೆಗಳನ್ನು ಇಸ್ತ್ರಿ ಮಾಡಿ ಟ್ರಂಕಿನಲ್ಲಿಟ್ಟು ಮುಚ್ಚಿದಳು. ನೆಲಕ್ಕೆ ಮೂರು ಸಲ ಫಿನಾಯಿಲು ಹೊಡೆದಳು. ಬಿಷಪ್ಪರು ಬರುವಾಗ ಮಾಡುವಂತೆ ಮಾಡಿದಳು. ಅವಳಿಗೆ ಬರುತ್ತಿದ್ದದ್ದು ಅದೊಂದೇ. ಸಂಜೆ ಬಾಗಿಲಲ್ಲಿ ನಿಂತು ನೋಡಿದಾಗ ಹೆಮ್ಮೆಯೂ ಆಯಿತು.

“ನಾಳೆ ನೆಟ್ಟಗೆ ಕೂತ್ಕೋಬೇಕು. ಕೇಳಿದ್ದಕ್ಕೆಲ್ಲ ಹರಟಬಾರದು,” ಎಂದು ಕಡ್ಡಿಗೆ ಹೇಳಿದಳು.

ಗುರುವಾರ ಮೇಡಂ ಒಳಗೆ ಬಂದವರೇ ಮೂಗಿಗೆ ಕರವಸ್ತ್ರ ಇಟ್ಟರು. ಸುತ್ತ ನೋಡಿದರು. ಮೂಲೆಯ ಫಿನಾಯಿಲು, ಆಸಿಡ್ಡಿನ ಡಬ್ಬಗಳು ಬಿಟ್ಟರೆ ನೋಡಲು ಏನೂ ಇರಲಿಲ್ಲ.

“ಮಗು ಎಲ್ಲಿ ಮಲಗುತ್ತೆ?”

“ಮಂಚದ ಮೇಲೆ ಮೇಡಂ. ನಾನು ಕೆಳಗೆ.”

“ಆಟದ ಸಾಮಾನು? ಅವಳು ಬರೆದ ಚಿತ್ರ ಗಿತ್ರ?”

“ಇತ್ತು ಮೇಡಂ. ಎಲ್ಲ ಕೆರೆದು ಹಾಕ್ದೆ.”

“ಯಾಕೆ?”

“ನೀವು ಬರ್ತೀರಿ ಅಂತ.”

ಮೇಡಂ ಅವಳ ಮುಖ ನೋಡಿದರು. ಪೆನ್ನಿನ ತುದಿ ಕಚ್ಚಿದರು. “ನಾನು ಇರೋದನ್ನ ಬರೀಬೇಕಮ್ಮ. ಇದ್ದದ್ದನ್ನಲ್ಲ.” ಆಮೇಲೆ ಕಡ್ಡಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತರು. “ಪುಟ್ಟಾ, ನಿಂಗೆ ಇಲ್ಲಿ ಇಷ್ಟಾನಾ?”

ಕಡ್ಡಿ ನೆಟ್ಟಗೆ ಕುಳಿತಿದ್ದಳು. ಅಕ್ಕನ ಮುಖ ನೋಡಿದಳು. ತುಟಿ ಬಿಗಿಹಿಡಿದಳು.

“ಹೇಳೇ,” ಅಂದಳು ಮೇಣದಕ್ಕ. “ಮಾತಾಡೇ. ಬಾಯಿ ಮುಚ್ಚಲ್ಲ ಮೇಡಂ ಇವಳು, ತಲೆ ತಿಂತಾಳೆ. ಹೇಳೇ ಕಡ್ಡಿ!”

ಧ್ವನಿ ಏರಿತ್ತು. ಹುಡುಗಿ ಇನ್ನೂ ಮುದುರಿದಳು. ಮೇಡಂ ಬರೆದುಕೊಂಡರು. ಬಾಗಿಲಲ್ಲಿ ಕಾರ್ಯದರ್ಶಿ ನಿಂತಿದ್ದ. ಕೈಯಲ್ಲಿ ವಾರ್ಷಿಕ ಪುಸ್ತಿಕೆ. “ಇದೂ ನಿಮ್ಮ ಫೈಲಲ್ಲಿ ಇರ್ಲಿ ಮೇಡಂ. ಉಪಯೋಗ ಆಗುತ್ತೆ.”

ಹದಿನೈದು ದಿನಕ್ಕೆ ಕಾಗದ ಬಂತು. ಫಾದರ್ ಓದಿದರು. ‘ಕೋಣೆಯಲ್ಲಿ ಮಗು ವಾಸಿಸುತ್ತಿರುವ ಯಾವುದೇ ಗುರುತು ಕಂಡುಬಂದಿಲ್ಲ. ಆಸಿಡ್ ಇತ್ಯಾದಿ ಸಂಗ್ರಹವಿದೆ. ಮಗು ಅರ್ಜಿದಾರಳಿಗೆ ಹೆದರುವಂತೆ ತೋರುತ್ತದೆ. ಅರ್ಜಿದಾರಳು ಸ್ವತಃ ನಿರ್ಗತಿಕಳು.’ ಅದರ ಕೆಳಗೆ ಇನ್ನೊಂದು ಕಾಗದ. ಕಾರ್ಯದರ್ಶಿಯ ಮನೆ. ಪ್ರತ್ಯೇಕ ಕೋಣೆ, ಮಂಚ, ಓದುವ ಮೇಜು, ಗೊಂಬೆ. ‘ಅತ್ಯಂತ ಸೂಕ್ತ.’

ಮೇಣದಕ್ಕ ಕೋಣೆಗೆ ಹೋಗಿ ಬಿಳಿ ಗೋಡೆಯ ಮುಂದೆ ಕುಳಿತಳು. ಆ ಬೆಕ್ಕಿಗೆ ಎಷ್ಟು ಮೀಸೆ ಇದ್ದವು ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಒಪ್ಪಿಸುವುದನ್ನು ಭಾನುವಾರದ ಪೂಜೆಯಲ್ಲೇ ಇಟ್ಟುಕೊಂಡರು. ನಾಲ್ಕು ಜನಕ್ಕೆ ಮಾದರಿಯಾಗಲಿ ಎಂದು ಕಾರ್ಯದರ್ಶಿಯೇ ಹೇಳಿದನಂತೆ. ಕಡ್ಡಿಗೆ ಹೊಸ ಫ್ರಾಕು ಬಂದಿತ್ತು. ಮೇಣದಕ್ಕ ಮಗುವಿನ ಕೈ ಹಿಡಿದು ಪೀಠದವರೆಗೆ ಕರೆತರಬೇಕು, ‘ಸಂತೋಷದಿಂದ ಒಪ್ಪಿಸುತ್ತಿದ್ದೇನೆ’ ಅನ್ನಬೇಕು. ಅಷ್ಟೇ. ಫಾದರ್ ಎರಡು ಸಲ ಹೇಳಿಕೊಟ್ಟಿದ್ದರು.

ಅವಳು ಕರೆತಂದಳು. ಬೆಂಚುಗಳು ತುಂಬಿದ್ದವು. ಕಾರ್ಯದರ್ಶಿಯ ಹೆಂಡತಿ ಎರಡೂ ಕೈ ಚಾಚಿದಳು. ಮೇಣದಕ್ಕ ಮಗುವಿನ ಕೈ ಬಿಡಲಿಲ್ಲ.

“ಹೇಳಮ್ಮ,” ಎಂದರು ಫಾದರ್.

“ನಾನು ಹೇಳಲ್ಲ.”

ಮೈಕು ಅದನ್ನು ಕೊನೆಯ ಬೆಂಚಿನವರೆಗೂ ಒಯ್ದಿತು.

“ನಾನು ಹೇಳಲ್ಲ ಫಾದರ್. ಇದು ಮಗು ಸಾಕೋದಲ್ಲ. ಇವರು ಇವಳ ಕೈ ಒತ್ತಿ ನೋಡಿದ್ರು. ಮುಖ ನೋಡ್ಲಿಲ್ಲ. ನನ್ನೂ ಹೀಗೇ ತಗೊಂಡು ಹೋಗಿದ್ರು. ಹದಿಮೂರು ವರ್ಷ ಅವರ ಮನೆ ತೊಳ್ದೆ. ಆಮೇಲೆ ಇಲ್ಲಿಗೆ ಬಂದು ನಿಮ್ಮದೆಲ್ಲ ತೊಳ್ದೆ. ನೀವು ನನ್ನ ಹೆಸರನ್ನ ಭಿಕ್ಷೆಯೋರ ಸಾಲಲ್ಲಿ ಅಚ್ಚು ಹಾಕಿಸಿ ನನ್ನ ಕೈಯಲ್ಲೇ ಹಂಚಿಸಿದ್ರಿ. ಈ ಕೈ ನೋಡಿ. ಇದರಲ್ಲಿ ಬೆರಳಚ್ಚೂ ಇಲ್ಲ. ಇವಳ ಕೈನೂ ಹೀಗೆ...”

ಕಾರ್ಯದರ್ಶಿ ಗಾಯನ ತಂಡದ ಕಡೆಗೆ ನೋಡಿ ಬೆರಳಾಡಿಸಿದ. ಹಾರ್ಮೋನಿಯಂ ಶುರುವಾಯಿತು. ತಂಡ ಹಾಡತೊಡಗಿತು. ಜನ ಎದ್ದು ನಿಂತು ಸೇರಿಕೊಂಡರು. ಅವರಿಗೂ ಅದು ಅನುಕೂಲವಾಯಿತು. ಮೇಣದಕ್ಕನ ಬಾಯಿ ಆಡುತ್ತಿತ್ತು. ಮಾತು ಕೇಳುತ್ತಿರಲಿಲ್ಲ. ಇಬ್ಬರು ಕಮಿಟಿಯವರು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಡ್ಡಿ ಅಳಲಿಲ್ಲ. ತಿರುತಿರುಗಿ ನೋಡುತ್ತ ಹೋದಳು.

ಹಾಡು ಮೂರನೇ ಚರಣಕ್ಕೆ ಬಂದಾಗ ಮೇಣದಕ್ಕ ಒಬ್ಬಳೇ ಪೀಠದ ಮುಂದೆ ನಿಂತಿದ್ದಳು.

ಸೋಮವಾರ ಕಾರ್ಯದರ್ಶಿ ಹೇಳಿಕಳಿಸಿದ. ಪೀಠದ ಮುಂದೆ ಮೊಣಕಾಲೂರಿ ಎಲ್ಲರ ಕ್ಷಮೆ ಕೇಳಿದರೆ ಕೋಣೆಯಲ್ಲಿ ಇರಬಹುದು. ಅವಳು ಟ್ರಂಕು ಎತ್ತಿಕೊಂಡು ಪಕ್ಕದ ಶೆಡ್ಡಿಗೆ ನಡೆದಳು.

“ನನ್ನ ಹತ್ರ ಜೀವ ಇರೋ ಗಿರಾಕಿ ಬಂದದ್ದು ನೀನೇ ಮೊದಲು,” ಅಂದ ಪೆಟ್ಟಿಗೆಯಣ್ಣ. ಹಿಂದಿನ ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟ. ಪೆಟ್ಟಿಗೆಗಳಿಗೆ ಮರಳು ಕಾಗದ ಉಜ್ಜುವುದು, ವಾರ್ನಿಶ್ ಬಳಿಯುವುದು ಅವಳ ಕೆಲಸವಾಯಿತು. ಅವನು ತನ್ನ ರಸೀದಿ ಪುಸ್ತಕದ ಹಾಳೆಯಲ್ಲಿ, ಮೇಲೆ ಶವದ ಪೆಟ್ಟಿಗೆಯ ಚಿತ್ರವಿದ್ದ ಹಾಳೆಯಲ್ಲಿ, ‘ಇವರು ನನ್ನಲ್ಲಿ ಕೆಲಸ ಮಾಡುತ್ತಾರೆ’ ಎಂದು ಬರೆದು ಸಹಿ ಹಾಕಿದ. ಅವಳು ಮತ್ತೆ ಅರ್ಜಿ ಹಾಕಿದಳು. ಮೇಡಂ ಅರ್ಜಿಯ ನಂಬರು ಕೊಟ್ಟರು. “ವರ್ಷಕ್ಕೊಂದು ಸಲ ಪುನರ್ಪರಿಶೀಲನೆ ಇರುತ್ತೆ. ಆಗ ನೋಡೋಣ. ಅಲ್ಲೀವರೆಗೆ ಆ ಮಗು ತಂಟೆಗೆ ಹೋಗ್ಬೇಡಿ. ಹೋದ್ರೆ ನಿಮಗೇ ತೊಂದರೆ.”

ಅವಳು ಮಗುವಿನ ಮನೆಗೆ ಹೋಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಯ ಗೇಟಿನ ಎದುರು ಬದಿಯಲ್ಲಿ ನಿಲ್ಲುತ್ತಿದ್ದಳು. ಕಡ್ಡಿ ಸರಳಿನ ಸಂದಿಯಿಂದ ಕೈಯಾಡಿಸುತ್ತಿದ್ದಳು. ಎರಡು ತಿಂಗಳು ಹಾಗೆ ನಡೆಯಿತು. ಆಮೇಲೆ ಒಂದು ವಾರ ಕಡ್ಡಿ ಕಾಣಲಿಲ್ಲ. ಇನ್ನೊಂದು ವಾರವೂ ಕಾಣಲಿಲ್ಲ.

ಮೇಣದಕ್ಕ ಕಾರ್ಯದರ್ಶಿಯ ಮನೆಯ ಹಿಂದಿನ ಓಣಿಗೆ ಹೋದಳು. ಬೆಳಿಗ್ಗೆ ಹತ್ತೂವರೆ. ಹಿತ್ತಲ ಬಾಗಿಲು ತೆರೆದಿತ್ತು. ನಲ್ಲಿಯ ಕೆಳಗೆ ಪಾತ್ರೆಗಳ ರಾಶಿ. ಕಡ್ಡಿ ಒಂದು ದೊಡ್ಡ ಪಾತ್ರೆಯೊಳಗೆ ಸೊಂಟದವರೆಗೆ ಬಗ್ಗಿ ತಳ ಉಜ್ಜುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ.

“ಕಡ್ಡಿ.”

ತಲೆ ಹೊರಗೆ ಬಂತು. ಮುಖ ಅರಳಿತು. ಕೂಡಲೇ ಮನೆಯ ಕಡೆಗೊಮ್ಮೆ ನೋಡಿ ಮುದುಡಿತು.

“ಶಾಲೆ?”

“ಈಗ ಬೇಡವಂತೆ. ಮನೇಲಿ ನೆಂಟರು. ಅಕ್ಕ, ನಂಗೆ ಮುಂದಿನ ಕೋಣೇಲಿ ಮಂಚ ಇದೆ, ಗೊಂಬೆ ಇದೆ. ಮೇಡಂ ಬರೋ ದಿನ ಅಲ್ಲಿ ಕೂತ್ಕೋಬೇಕು. ಗೊಂಬೆ ಮುಟ್ಟಿದ್ರೆ ಕೊಳೆ ಆಗುತ್ತೆ, ಸುಮ್ನೆ ಮಡಿಲಲ್ಲಿ ಇಟ್ಕೋಬೇಕು.”

“ಕೈ ತೋರ್ಸು.”

ಹುಡುಗಿ ತೋರಿಸಿದಳು. ಸೋಡಾಪುಡಿ ತಿಂದು ಬೆರಳುಗಳ ಸಂದಿಗಳು ಒಡೆದಿದ್ದವು. ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

ಮೇಣದಕ್ಕ ಆ ಒದ್ದೆ ಕೈ ಹಿಡಿದುಕೊಂಡು ಓಣಿಗೆ ಬಂದಳು. ಓಣಿಯ ತಿರುವಿನಲ್ಲಿ ಒಮ್ಮೆ ನಿಂತಳು. ಮುಂದೆ ಹೋದರೆ ಅರ್ಜಿ ಹೋಯಿತು. ನಂಬರು ಹೋಯಿತು. ವರ್ಷ ಕಳೆದ ಮೇಲೆ ನೋಡೋಣ ಅಂದದ್ದೂ ಹೋಯಿತು. ಹಿಂದೆ ಹೋದರೆ ಅದೆಲ್ಲ ಉಳಿಯುತ್ತದೆ, ಈ ಕೈ ಉಳಿಯುವುದಿಲ್ಲ. ಅವಳು ಮುಂದೆ ನಡೆದಳು.

ಇಲಾಖೆಯ ಕಚೇರಿಯಲ್ಲಿ ಯಾರನ್ನೂ ಕೇಳದೆ ಒಳಗೆ ನುಗ್ಗಿದಳು. ಮಗುವಿನ ಎರಡೂ ಕೈಗಳನ್ನು ಮೇಡಮ್ಮಿನ ಮೇಜಿನ ಮೇಲೆ ಇಟ್ಟಳು. ಮೇಡಂ ಗಡಿಬಿಡಿಯಿಂದ ಫೈಲು ಪಕ್ಕಕ್ಕೆಳೆದುಕೊಂಡರು. ಅದು ಒದ್ದೆಯಾಗುತ್ತಿತ್ತು.

“ಇದನ್ನ ಬರ್ಕೊಳ್ಳಿ ಮೇಡಂ.”

“ಯಾರನ್ನ ಕೇಳಿ ಕರ್ಕೊಂಡು ಬಂದ್ರಿ?”

“ಯಾರನ್ನೂ ಕೇಳಿಲ್ಲ.”

“ಇದು ಕೇಸಾಗುತ್ತೆ. ಇನ್ಯಾವತ್ತೂ ನಿಮಗೆ ಯಾವ ಮಗುನೂ ಕೊಡಲ್ಲ. ಗೊತ್ತಾ?”

“ಗೊತ್ತು. ಕೈ ನೋಡಿ.”

ಮೇಡಂ ಫೋನೆತ್ತಿದರು. ಕಾಲು ಗಂಟೆಯಲ್ಲಿ ಕಾರು ಬಂತು. ಕಾರ್ಯದರ್ಶಿ ಬಂದ, ಅವನ ಹೆಂಡತಿ ಬಂದಳು. ಹಿಂದಿನಿಂದ ಒಬ್ಬ ಪೊಲೀಸಿನವನೂ ಬಂದ. ಹೆಂಡತಿ “ಕಂದಾ” ಎಂದು ಕಡ್ಡಿಯನ್ನು ತಬ್ಬಿಕೊಂಡಳು. ಮೇಡಂ ಒಂದು ಹೊಸ ಹಾಳೆ ತೆಗೆದರು.

“ಪುಟ್ಟಾ, ಹೆದರ್ಬೇಡ. ಮನೇಲಿ ನಿಂಗೆ ಕೆಲಸ ಮಾಡಿಸ್ತಾರಾ?”

ಕಡ್ಡಿ ಮೇಣದಕ್ಕನನ್ನು ನೋಡಿದಳು. ಕಾರ್ಯದರ್ಶಿಯನ್ನು ನೋಡಿದಳು. ತನ್ನ ಭುಜದ ಮೇಲಿದ್ದ ಬಳೆಯ ಕೈ ನೋಡಿದಳು.

“ಇಲ್ಲ. ಒಳ್ಳೆಯವರು.”

ಮೇಡಂ ಬರೆದುಕೊಂಡರು. ಮೇಣದಕ್ಕ ಬೈಯಲಿಲ್ಲ. ಹದಿಮೂರು ವರ್ಷ ಯಾರು ಕೇಳಿದರೂ ಅವಳು ಹೇಳಿದ್ದು ಅದನ್ನೇ.

“ಇಲ್ಲೊಂದು ರುಜು ಹಾಕಿ. ಮಗು ನಿಮ್ಮೆದುರಿಗೇ ಹೇಳಿದ್ದು ಅಂತ,” ಎಂದರು ಮೇಡಂ.

“ಹಾಕಲ್ಲ.”

“ಮಗುನೇ ಹೇಳ್ತಲ್ಲಮ್ಮ.”

“ಹೇಳಿಸಿದ್ದು. ಹಾಕಲ್ಲ.”

ಪೊಲೀಸಿನವನು ಅವಳ ತೋಳಿಗೆ ಕೈ ಹಾಕಿದ. ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಕಾರ್ಯದರ್ಶಿಯ ಹೆಂಡತಿ ಮಗುವನ್ನು ಬಾಗಿಲ ಕಡೆಗೆ ನಡೆಸಿದಳು. ಹೊಸ್ತಿಲ ಹತ್ತಿರ ಕಡ್ಡಿ ತಲೆಯೆತ್ತಿ ಆಕೆಯ ಮುಖ ನೋಡಿದಳು. ಧ್ವನಿ ಸಣ್ಣದು. ಆದರೆ ಆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

“ಅಮ್ಮಾವ್ರೇ, ದೊಡ್ಡ ಪಾತ್ರೆ ಒಂದೇ ಉಳ್ದಿರೋದು. ಹೋದ ತಕ್ಷಣ ತೊಳೀತೀನಿ. ಬೈಬೇಡಿ.”

ಮೇಡಮ್ಮಿನ ಪೆನ್ನು ನಿಂತಿತು. ಕಾರ್ಯದರ್ಶಿ ಕೆಮ್ಮಿದ. ಬಾಗಿಲು ಮುಚ್ಚಿಕೊಂಡಿತು. ಹೊರಗೆ ಕಾರು ಶುರುವಾದ ಸದ್ದಾಯಿತು.

“ಕೇಳಿಸ್ತಾ ಮೇಡಂ?” ಅಂದಳು ಮೇಣದಕ್ಕ.

ಮೇಡಂ ಪೆನ್ನಿಗೆ ಟೋಪಿ ಹಾಕಿದರು. ಹಾಳೆಯನ್ನು ಫೈಲಿನೊಳಗೆ ಸೇರಿಸಿ ದಾರ ಕಟ್ಟಿದರು.

“ಏನು?” ಅಂದರು.